ಕನ್ನಡ ಗಂಟೆಯ ಸ್ಕೋರು

ಯಶವಂತನಿಗೆ ಬೇಕಾಗಿದ್ದದ್ದು ನಿದ್ದೆ, ಅಷ್ಟೇ. ಶುಕ್ರವಾರ ಇಡೀ ರಾತ್ರಿ ಪೆಟ್ರೋಲ್ ಬಂಕಿನಲ್ಲಿ, ಬ್ರಿಸ್ಬೇನಿನವರ ಬಾಯಲ್ಲಿ ಹೇಳುವುದಾದರೆ ಸರ್ವೋದಲ್ಲಿ, ಲಾರಿಯವರಿಗೆ ಡೀಸೆಲ್ಲನ್ನೂ, ಕುಡಿದು ಬಂದವರಿಗೆ ಬಿಸಿ ಪೈಯನ್ನೂ ಮಾರಿ, ಬೆಳಿಗ್ಗೆ ರನ್‌ಕಾರ್ನ್ ಬಡಾವಣೆಯ ತನ್ನ ರೂಮಿಗೆ ಬಂದು ಒಂದು ಕಾಲಿನ ಶೂ ಬಿಚ್ಚಿದ್ದ. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಫೋನು ಗುರುಗುಟ್ಟಿತು. ರೇಡಿಯೋ ಸ್ಟೇಷನ್ನಿನ ಮ್ಯಾನೇಜರ್ ಗ್ಲೆನ್.

ಗ್ಲೆನ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕಿಳಿಸಿದರೆ ಹೀಗಿತ್ತು: "ಮೇಟ್, ನಿನ್ನೆ ಕಮಿಟಿ ಕೂತಿತ್ತು. ನಿಮ್ಮ ಶನಿವಾರದ ಕಾರ್ಯಕ್ರಮ ಏನು ಅಂತ ಯಾರಿಗೂ ಗೊತ್ತಿಲ್ಲ."

"ಕನ್ನಡ ಗಂಟೆ," ಎಂದ ಯಶವಂತ.

"ಅದು ಭಾಷೆ. ನಾನು ಕೇಳ್ತಿರೋದು ಒಳಗಿನ ಸರಕು. ಎರಡು ಹಾಡು, ಅದರ ಮೇಲೆ ಮಂತ್ರಿಗಳ ಸುದ್ದಿ, ಅದರ ಮೇಲೆ ಕ್ರಿಕೆಟ್ ಸ್ಕೋರು. ರೇಡಿಯೋ ಹಾಗೆ ನಡೆಯಲ್ಲ."

ರೇಡಿಯೋ ಹೇಗೆ ನಡೆಯುತ್ತದೆಂದು ಗ್ಲೆನ್ ಆಮೇಲೆ ವಿವರಿಸಿದ. ಹಾಡಿಗೆ ಹೆಚ್ಚು ಖರ್ಚಿಲ್ಲ, ಕಂಪ್ಯೂಟರಿಗೆ ತುಂಬಿಸಿಟ್ಟರೆ ತಾನಾಗಿ ಹಾಡಿಕೊಳ್ಳುತ್ತದೆ. ಜನ ಅದನ್ನು ಹಾಕಿಟ್ಟು ಅಡುಗೆ ಮಾಡುತ್ತಾರೆ, ಆರಿಸುವುದನ್ನೇ ಮರೆಯುತ್ತಾರೆ. ಸುದ್ದಿಗೆ ಓಡಿ ಬರುತ್ತಾರೆ, ಕೇಳಿದ ಮೇಲೆ ಓಡಿ ಹೋಗುತ್ತಾರೆ. ಅದನ್ನು ಪ್ರತಿಸಲ ಹೊಸದಾಗಿ ಬೇಯಿಸಬೇಕು. ಕ್ರೀಡೆಗೆ ಬರುವವರು ಕಡಿಮೆ, ಆದರೆ ಬಂದವರು ಮನೆಗೆ ಬೆಂಕಿ ಬಿದ್ದರೂ ಸ್ಕೋರು ಕೇಳಿಯೇ ಏಳುವುದು. ಪ್ರಾಯೋಜಕರಿಗೆ ಅಂಥವರೇ ಬೇಕು. ಆದರೆ ಕ್ರೀಡೆಯನ್ನು ಪ್ರತಿ ವಾರ ಲೈವ್ ಆಗಿಯೇ ಮಾಡಬೇಕು. ಮೂರನ್ನೂ ಕಲೆಸಿದರೆ ಮೂರು ಗುಂಪಿನವರೂ ಸರದಿಯ ಮೇಲೆ ಗುಂಡಿ ತಿರುಗಿಸುತ್ತಾರೆ.

"ಅದಕ್ಕೇ ಒಂದನ್ನು ಆರಿಸ್ಕೋ. ಈ ಮಧ್ಯಾಹ್ನ ಕಾರ್ಯಕ್ರಮದಲ್ಲೇ ಕೇಳುಗರನ್ನ ಕೇಳು. ಯಾವುದಕ್ಕೆ ಹೆಚ್ಚು ಫೋನ್ ಬರುತ್ತೋ ಅದು."

"ಫೋನೇ ಬರದಿದ್ರೆ?"

"ಗಾರ್ಡನಿಂಗ್ ಕಾರ್ಯಕ್ರಮದವರು ಇನ್ನೊಂದು ಗಂಟೆ ಕೇಳ್ತಿದ್ದಾರೆ," ಎಂದು ಗ್ಲೆನ್ ಫೋನಿಟ್ಟ.

ಯಶವಂತ ಒಂದು ಶೂ ಹಾಕಿಕೊಂಡೇ ಹಾಸಿಗೆಯ ಅಂಚಿನಲ್ಲಿ ಕೂತ. ಅವನ ಸ್ಥಿತಿ ಹೀಗಿತ್ತು. ಆ ರೂಮು ಕನ್ನಡ ಸಂಘದ ಅಧ್ಯಕ್ಷರಾದ ಡಾಕ್ಟರ್ ರಾಜಗೋಪಾಲರ ಮನೆಯದು; ಅಡುಗೆಮನೆಯ ಬೆನ್ನಿಗೆ ಅಂಟಿಕೊಂಡಿತ್ತು, ನಡುವೆ ಬಿಸ್ಕತ್ತಿನಷ್ಟು ತೆಳ್ಳಗಿನ ಗೋಡೆ. ಓದುವ ಹುಡುಗರಿಗೆ ಈ ಊರಿನಲ್ಲಿ ಅಂಥ ರೂಮು ಕನಸಿನಲ್ಲೂ ಸಿಗುವುದಿಲ್ಲ. ಡಾಕ್ಟರು ಅದನ್ನು ಯಾರು ರೇಡಿಯೋ ನಡೆಸುತ್ತಾರೋ ಅವರಿಗೆ ಮಾತ್ರ ಕೊಡುತ್ತಿದ್ದರು. ಹಿಂದಿನ ರೇಡಿಯೋ ಹುಡುಗ ಮೈಕು ಬಿಟ್ಟ ವಾರವೇ ಅವನ ಸೂಟ್‌ಕೇಸು ಅಂಗಳದಲ್ಲಿ ನಿಂತಿತ್ತು. ಹಾಗಾಗಿ ಗಂಟೆ ಹೋದರೆ ರೂಮು ಹೋಗುತ್ತದೆ. ಗಂಟೆ ಉಳಿದು ಸುದ್ದಿಯೋ ಕ್ರೀಡೆಯೋ ಆದರೆ ನಿದ್ದೆ ಹೋಗುತ್ತದೆ. ಎರಡೂ ಉಳಿಯಬೇಕಾದರೆ ದಾರಿ ಒಂದೇ: ಹಾಡು. ಶುಕ್ರವಾರ ಸಂಜೆ ಕಂಪ್ಯೂಟರಿಗೆ ತುಂಬಿಸಿಟ್ಟು ಶನಿವಾರವಿಡೀ ಹೆಣದ ಹಾಗೆ ಮಲಗುವುದು.

ಅವನು ಸ್ಟೂಡೆಂಟ್ಸ್ ಗ್ರೂಪಿಗೆ ಮೆಸೇಜು ಹಾಕಿದ: "ಮಧ್ಯಾಹ್ನ ಎರಡಕ್ಕೆ ಎಲ್ಲರೂ ಸ್ಟೇಷನ್ನಿಗೆ ಫೋನ್ ಮಾಡಿ 'ಮ್ಯೂಸಿಕ್' ಅನ್ನಿ. ಪ್ಲೀಸ್ ಮಕ್ಳಾ, ಪ್ರಾಣದ ಪ್ರಶ್ನೆ." ನಲವತ್ತು ಹೆಬ್ಬೆಟ್ಟುಗಳು ಮೇಲೆದ್ದವು. ಆ ಗ್ರೂಪಿನ ಮೆಸೇಜು ಅಲ್ಲಿಂದ ಸಂಘದ ಗ್ರೂಪಿಗೆ, ಅಲ್ಲಿಂದ ಮಹಿಳಾ ಗ್ರೂಪಿಗೆ ಜಿಗಿಯಲು ಹಲ್ಲುಜ್ಜುವಷ್ಟು ಹೊತ್ತೂ ಬೇಕಾಗಲಿಲ್ಲ.

ಬಾಗಿಲು ತಟ್ಟಿದ್ದು ಕಮಲಾ ಆಂಟಿ, ಡಾಕ್ಟರ ಹೆಂಡತಿ. ಮೈಮೇಲೆ ರೇಷ್ಮೆ ಸೀರೆ. ಅಂದರೆ ವಿಷಯ ಮುಖ್ಯವಾದದ್ದೇ. ಕಮಲಾ ಆಂಟಿಯ ಮಟ್ಟಿಗೆ ಮುಖ್ಯವಾದ ಮಾತನ್ನು ಫೋನಿನಲ್ಲಿ ಹೇಳುವುದೆಂದರೆ ಎದುರಿಗಿರುವವರಿಗೆ ಮಾಡುವ ಅವಮಾನ. ಖುದ್ದಾಗಿ ಹೋಗಿಯೇ ಹೇಳಬೇಕು. ಹೋದ ತಿಂಗಳು ಮನೆಯ ಪೂಜೆಗೆ ಇದೇ ಯಶವಂತನನ್ನು ಕರೆಯಲು, ಹಿತ್ತಲ ಕಡೆಯಿಂದ ಬಂದರೆ ಮರ್ಯಾದೆಯಲ್ಲವೆಂದು, ಕುಂಕುಮದ ಬಟ್ಟಲು ಹಿಡಿದು ಮನೆ ಸುತ್ತಿ ಬೀದಿಯಿಂದ ಬಂದಿದ್ದರು. ಸಂಘದ ಎಲ್ಲರೂ ಇದೇ ಜಾತಿಯವರು. ಒಂದು ಮಗುವಿನ ಬರ್ತ್‌ಡೇಗೆ ಕರೆಯಲು ಊರಿನ ಆ ತುದಿಯಿಂದ ಈ ತುದಿಗೆ ಕಾರು ಓಡಿಸಿಕೊಂಡು ಬಂದು, ಕಾಫಿ ಕುಡಿದು, ಎದ್ದು ನಿಂತು, ಶೂ ಹಾಕಿಕೊಳ್ಳುತ್ತ ವಿಷಯ ಹೇಳುವವರು.

"ನೀನು ಮ್ಯೂಸಿಕ್ ಪಾರ್ಟಿ ಅಂತ ಗೊತ್ತಾಯ್ತು ಕಣೋ. ಭಾಳ ಸಂತೋಷ," ಎಂದರು ಆಂಟಿ. "ಸಿನಿಮಾ ಹಾಡು ಬೇಡ. ನಾನೇ ಬಂದು ಹಾಡ್ತೀನಿ, ಲೈವ್. ಪ್ರತಿ ಶನಿವಾರ. ಬೆಳಿಗ್ಗೆ ಆರಕ್ಕೆ ನೀನು ನಂಗೆ ತಬಲಾದಲ್ಲಿ ಪ್ರಾಕ್ಟೀಸ್ ಕೊಡು."

"ಆಂಟಿ, ನಂಗೆ ತಬಲಾ ಬರಲ್ಲ."

"ಬಾರದೇ ಇರೋಕೆ ಅದೇನು ಎಂಜಿನಿಯರಿಂಗಾ? ಕಲೀತೀಯ."

ಆಂಟಿ ಹೋದ ಬೆನ್ನಿಗೇ ಡಾಕ್ಟರು ಬಂದರು, ಬೀದಿ ಕಡೆಯಿಂದಲೇ. "ಕಮಲಾ ಏನಂದ್ಲು? ಕೇಳ್ಬೇಡ. ಸುದ್ದಿ ಇಲ್ಲದ ರೇಡಿಯೋ ಅಂದ್ರೆ ಸ್ಟೆತಸ್ಕೋಪ್ ಇಲ್ಲದ ಡಾಕ್ಟ್ರು. ಕರ್ನಾಟಕದ ರಾಜಕೀಯದ ಬಗ್ಗೆ ನನ್ನ ವಿಶ್ಲೇಷಣೆ ರೆಡಿ ಇದೆ. ಹನ್ನೊಂದು ಭಾಗ. ನೀನು ಶುಕ್ರವಾರ ಕೂತು ಟೈಪ್ ಮಾಡ್ಕೊಟ್ರೆ ಸಾಕು." ಹೊರಡುವಾಗ ರೂಮಿನ ಚಾವಣಿಯನ್ನು ಪ್ರೀತಿಯಿಂದ ನೋಡಿ, "ರೂಮು ಆರಾಮಾಗಿದೆ ಅಲ್ವಾ?" ಎಂದರು.

ಅಲ್ಲಿದ್ದರೆ ಹುಚ್ಚು ಹಿಡಿಯುತ್ತದೆಂದು ಯಶವಂತ ರೇಡಿಯೋ ಸ್ಟೇಷನ್ನಿರುವ ಸನ್ನಿಬ್ಯಾಂಕಿನ ಬಸ್ಸು ಹತ್ತಿ, ಕಿಟಕಿಗೆ ತಲೆ ಒರಗಿಸಿ, ಪರ್ತ್‌ನ ಅಭಿನಂದನನಿಗೆ ಫೋನ್ ಮಾಡಿದ. ಪರ್ತ್‌ನಲ್ಲಿ ಇನ್ನೂ ಕಾಫಿಯ ಹೊತ್ತು. ಅಲ್ಲಿನ ಥಾರ್ನ್ಲಿ ಬಡಾವಣೆಯಲ್ಲಿರುವ ಅಭಿನಂದನ್ ಪರ್ತ್‌ನ ಕನ್ನಡ ಗಂಟೆ ನಡೆಸುವವನು.

"ನಾವು ವರ್ಷದ ಹಿಂದೇನೇ ಮ್ಯೂಸಿಕ್ ಮಾಡ್ಬಿಟ್ವಿ ಮಗಾ," ಎಂದ ಅಭಿನಂದನ್. ಹಿಂದೆ ಏನೋ ಹುರಿಯುವ ಸದ್ದು. "ಈಗ ನನ್ನ ಪ್ರೋಗ್ರಾಂ ಬರೋವಾಗ ನಾನು ಗೆಳೆಯರ ಜೊತೆ ಬಾರ್ಬೆಕ್ಯೂಲಿರ್ತೀನಿ. ಒಂದ್ಸಲ ನನ್ನ ದನೀನ ನಾನೇ ಕಾರಲ್ಲಿ ಕೇಳಿ, ಯಾರಪ್ಪಾ ಇಷ್ಟು ಚೆನ್ನಾಗಿ ಮಾತಾಡ್ತಾನೆ ಅಂದ್ಕೊಂಡೆ. ಅಡಿಲೇಡಿನ ಸಂದೀಪನ್ನ ನೋಡು, ನ್ಯೂಸ್ ತಗೊಂಡ. ಕಣ್ಣು ಒಳಗೋಗಿದೆ. ಮೊನ್ನೆ ಅವರಮ್ಮ ವಿಡಿಯೋ ಕಾಲ್‌ನಲ್ಲಿ ಯಾರ್ ಬೇಕಪ್ಪಾ ಅಂದ್ರಂತೆ."

"ನಂಗೂ ಮ್ಯೂಸಿಕ್ಕೇ ಬೇಕು ಕಣೋ."

"ಹಂಗಿದ್ರೆ ಯಾರಿಗೂ ಹೇಳ್ಬೇಡ, ಸುಮ್ನೆ ಮಾಡ್ಬಿಡು. ಯಾರಿಗೂ ಹೇಳಿಲ್ಲ ತಾನೆ?"

ಯಶವಂತ ಕಿಟಕಿಯ ಗಾಜಿಗೆ ಮೆತ್ತಗೆ ಎರಡು ಸಲ ಹಣೆ ಚಚ್ಚಿಕೊಂಡ.

ಸನ್ನಿಬ್ಯಾಂಕಿನಲ್ಲಿ, ಬಾತುಕೋಳಿಯನ್ನು ನೇತುಹಾಕಿದ ಚೀನೀ ಹೋಟೆಲ್ಲಿಗೂ ಬಬಲ್ ಟೀ ಅಂಗಡಿಗೂ ನಡುವೆ ಹಾಲಪ್ಪನವರ ದಿನಸಿ ಅಂಗಡಿ. ಬಸ್‌ಸ್ಟಾಪಿನಿಂದ ಅದನ್ನು ತಪ್ಪಿಸಿಕೊಂಡು ಹೋಗುವ ದಾರಿ ಇರಲಿಲ್ಲ. ಹಾಲಪ್ಪ ತಮ್ಮ ವಾಲಿಬಾಲ್ ಟೀಮಿನ ಹಳದಿ ಜೆರ್ಸಿಯಲ್ಲಿ, ಬೆಲ್ಲದ ಅಚ್ಚಿನ ಹಾಗೆ ಬಾಗಿಲಲ್ಲೇ ನಿಂತಿದ್ದರು. ಒಂದು ಕಾಲದಲ್ಲಿ ಅರಸೀಕೆರೆಯ ವಾಲಿಬಾಲ್ ಪಂದ್ಯಗಳಿಗೆಲ್ಲ ಕಾಮೆಂಟರಿ ಹೇಳಿದ ಗಂಟಲು ಅದು. ಈಗಲೂ ಗಿರಾಕಿ ಎರಡು ತೆಂಗಿನಕಾಯಿ ಎತ್ತಿಕೊಂಡರೆ, "ಎರಡನೆಯದಕ್ಕೂ ಕೈ ಹಾಕಿದ್ದಾರೆ, ತಟ್ಟಿ ನೋಡುತ್ತಿದ್ದಾರೆ, ಇಲ್ಲ, ಬಿಟ್ಟಿದ್ದಾರೆ!" ಎನ್ನದೆ ಅವರಿಗೆ ಬಿಲ್ಲು ಹಾಕಲು ಬರುತ್ತಿರಲಿಲ್ಲ.

"ಏನಯ್ಯಾ, ಮ್ಯೂಸಿಕ್ಕಂತೆ?" ಎಂದರು.

"ಹಾಗೇನಿಲ್ಲ ಅಂಕಲ್…"

"ಮ್ಯೂಸಿಕ್ಕು ಫೋನಲ್ಲೇ ಇದೆ. ನ್ಯೂಸೂ ಫೋನಲ್ಲೇ ಇದೆ. ನಮ್ಮ ಹುಡುಗ್ರು ಭಾನುವಾರ ಆಡೋ ವಾಲಿಬಾಲು ಯಾವ ಫೋನಲ್ಲಿದೆ? ಯೋಚ್ನೆ ಮಾಡು. ನಿನ್ನೆ ರಾತ್ರಿಯೆಲ್ಲ ನಿದ್ದೆ ಇಲ್ವಾ? ಕಣ್ಣು ಉಪ್ಪಿನಕಾಯಿ ಆಗಿದೆ." ಹಾಲಪ್ಪ ಅವನ ಕೈಗೆ ಒಂದು ಹಪ್ಪಳದ ಕಟ್ಟು ತುರುಕಿದರು. "ಇಟ್ಕೋ, ಲಂಚ ಅಲ್ಲ. ಪ್ರೀತಿ."

"ವೋಟ್ ಹಾಕೋದಿದ್ರೆ ಎರಡು ಗಂಟೆಗೆ ಫೋನ್ ಮಾಡಿ ಅಂಕಲ್," ಎಂದ ಯಶವಂತ, ಬೇರೇನೂ ತೋಚದೆ.

ಹಾಲಪ್ಪನವರಿಗೆ ನೋವಾಯಿತು. "ಫೋನಲ್ಲಿ ಹೇಳೋ ವಿಷ್ಯಾನೇನಯ್ಯಾ ಇದು?"

ಆ ಮಾತಿನಲ್ಲಿ ಅಡಗಿದ್ದ ಅಪಾಯ ನಿದ್ದೆಗೆಟ್ಟ ತಲೆಗೆ ಹೊಳೆಯಲಿಲ್ಲ.

ಸ್ಟೇಷನ್ನು ಒಂದು ಹಳೆಯ ಬೌಲಿಂಗ್ ಕ್ಲಬ್ಬಿನ ಹಿಂಭಾಗದಲ್ಲಿತ್ತು. ಹಿಂದಿನ ಗಂಟೆ ಗ್ರೀಕರದು, ಮುಂದಿನದು ಗಾರ್ಡನಿಂಗ್‌ನವರದು. ಗಾರ್ಡನಿಂಗ್‌ನ ಮುದುಕ ಆಗಲೇ ಬಂದು, ಹೊರಗಿನ ಸೋಫಾದ ಮೇಲೆ ಗೊಬ್ಬರದ ಪುಸ್ತಕ ಹಿಡಿದು ಆಸೆಯಿಂದ ಕೂತಿದ್ದ. ಒಳಗೆ ನಿಹಾರಿಕಾ ಕಾಯುತ್ತಿದ್ದಳು. ಅವಳು ನರ್ಸಿಂಗ್ ಓದುವ ಹುಡುಗಿ. ಶನಿವಾರ ಬಂದು ಫೋನು ನೋಡಿಕೊಳ್ಳುತ್ತಿದ್ದಳು. ನೋಡಿಕೊಳ್ಳುವಷ್ಟು ಫೋನು ಇದುವರೆಗೆ ಬಂದಿರಲಿಲ್ಲ ಎನ್ನುವುದು ಬೇರೆ ಮಾತು.

"ನಿನ್ನ ಪಲ್ಸ್ ಇದೆಯಾ ಒಂದ್ಸಲ ನೋಡ್ಲಾ?" ಎಂದಳು ಅವನ ಮುಖ ನೋಡಿ.

ಯಶವಂತ ಮೈಕು ತೆರೆದು, ದನಿಗೆ ಇಲ್ಲದ ಹುರುಪು ತಂದುಕೊಂಡು, "ಪ್ರಿಯ ಕೇಳುಗರೇ, ನಿಮಗೇನು ಬೇಕು? ಸಂಗೀತವೋ, ಸುದ್ದಿಯೋ, ಕ್ರೀಡೆಯೋ? ಈಗಲೇ ಫೋನ್ ಮಾಡಿ," ಎಂದು ಒಂದು ಹಾಡು ಹಾಕಿದ. ಫೋನಿನ ದೀಪಗಳು ಮಿಸುಕಲಿಲ್ಲ. ಇನ್ನೊಂದು ಹಾಡು ಹಾಕಿದ. ಫೋನು ಸತ್ತ ಜಿರಲೆಯ ಹಾಗೆ ಬಿದ್ದಿತ್ತು. ಗಾಜಿನಾಚೆಯ ಆಫೀಸಿನಿಂದ ಗ್ಲೆನ್ ಕೈಗಡಿಯಾರ ತೋರಿಸಿದ.

"ನಲವತ್ತು ಜನ ಹೆಬ್ಬೆಟ್ಟು ಎತ್ತಿದ್ರಲ್ಲೇ! ಎಲ್ಲಿ ಸತ್ರು?" ಎಂದ ಯಶವಂತ.

ಆಗ ಹೊರಗಿನಿಂದ ಒಂದು ಗದ್ದಲ ಕೇಳಿತು. ನಿಹಾರಿಕಾ ಕಿಟಕಿಯ ಪರದೆ ಸರಿಸಿದಳು. ಕಾರ್ ಪಾರ್ಕಿನಲ್ಲಿ ಬ್ರಿಸ್ಬೇನಿನ ಅರ್ಧ ಕನ್ನಡ ಸಂಘ ನಿಂತಿತ್ತು. ಗಂಡಸರು ಕಾರಿನ ಬಾನೆಟ್ಟಿಗೆ ಒರಗಿದ್ದರು, ಹೆಂಗಸರು ಪೇಪರ್ ಪ್ಲೇಟು ಹಂಚುತ್ತಿದ್ದರು, ನಲವತ್ತು ಹೆಬ್ಬೆಟ್ಟುಗಳೂ ತಮ್ಮ ತಮ್ಮ ಹುಡುಗರ ಸಮೇತ ಒಂದು ದೊಡ್ಡ ಪಾತ್ರೆಯ ಮುಂದೆ ಸಾಲು ನಿಂತಿದ್ದವು.

"ಬಿಸಿಬೇಳೆಬಾತು," ಎಂದಳು ನಿಹಾರಿಕಾ ಮೂಗರಳಿಸಿ. "ಎಲ್ರೂ ವೋಟ್ ಹಾಕೋಕೆ ಬಂದ್ಬಿಟ್ಟಿದ್ದಾರೆ ಕಣೋ. ಖುದ್ದಾಗಿ!"

ಯಶವಂತ ತಲೆ ಹಿಡಿದುಕೊಂಡ. ಕೇಳುಗರೆಲ್ಲ ಇಲ್ಲೇ ಇದ್ದಾರೆ. ಅಂದರೆ ರೇಡಿಯೋ ಮುಂದೆ ಒಬ್ಬನೂ ಇಲ್ಲ.

"ಹೋಗಿ ಅವರ ಕೈಲಿ ಅಲ್ಲಿಂದಾನೇ ಫೋನ್ ಮಾಡಿಸೇ!" ಎಂದು ಅವಳನ್ನು ಅಟ್ಟಿ, ಮೂರನೆಯ ಹಾಡು ಹಾಕಿ, ಗುಂಡಿಗಳ ಮೇಜಿನ ಮೇಲೆ ಎರಡೂ ಮೊಣಕೈ ಊರಿ ಕಣ್ಣು ಮುಚ್ಚಿದ. ಅವಳು ಹೋದ ಬಾಗಿಲಿನಿಂದಲೇ ಮೂವರು ಒಳಗೆ ಬಂದರು. ಸೌಟು ಹಿಡಿದ ಕಮಲಾ ಆಂಟಿ, ಕಾಗದದ ಕಟ್ಟು ಹಿಡಿದ ಡಾಕ್ಟರು, ಏನೂ ಹಿಡಿಯದೆಯೇ ಬಾಗಿಲು ತುಂಬಿದ್ದ ಹಾಲಪ್ಪ.

"ಫೋನಲ್ಲಿ ಹೇಳಿದ್ರೆ ಚೆನ್ನಾಗಿರಲ್ಲ ಅಂತ ಬಂದ್ಬಿಟ್ವಿ ಕಣೋ," ಎಂದರು ಆಂಟಿ. "ನನ್ನ ವೋಟು ಸಂಗೀತಕ್ಕೆ."

"ನಂದು ಸುದ್ದಿಗೆ. ಅಧ್ಯಕ್ಷನದು ಎರಡು ವೋಟು," ಎಂದರು ಡಾಕ್ಟರು.

"ಅದ್ಯಾವ ಲೆಕ್ಕರೀ? ಮನೇಲಿ ನಿಮ್ಮದು ಅರ್ಧ ವೋಟೂ ಇಲ್ಲ!"

"ನೋಡು ಕಮಲಾ, ನೀನು ಹಾಡಿದ್ರೆ ಪಕ್ಕದ ಮನೆ ನಾಯಿ ಬೇಲಿ ಹಾರಿ ಹೋಗುತ್ತೆ."

"ನೀವು ನ್ಯೂಸ್ ಹೇಳೋಕೆ ಶುರುಮಾಡಿದ್ರೆ ನಾನೇ ಹಾರ್ತೀನಿ! ಮೂವತ್ತು ವರ್ಷದಿಂದ ಊಟದ ಹೊತ್ತಿಗೆ ಅದೇ ಮಂತ್ರಿಮಂಡಲ, ಅದೇ ಬಿಕ್ಕಟ್ಟು. ಒಂದು ದಿನ ಸಾರು ಹೇಗಿದೆ ಅಂದಿದ್ದೀರಾ?"

ಹಾಡು ಹೋಗುತ್ತಿದೆಯಲ್ಲ, ಕಿತ್ತಾಡಿಕೊಳ್ಳಲಿ ಎಂದು ಯಶವಂತ ಕಣ್ಣು ತೆರೆಯಲಿಲ್ಲ. ಇಬ್ಬರ ನಡುವೆ ನಿಂತ ಹಾಲಪ್ಪನವರ ಗಂಟಲು ಮಾತ್ರ ತುರಿಸತೊಡಗಿತ್ತು. ಎದುರಿಗೆ ಎರಡು ಕಡೆಯವರು, ಪಕ್ಕದಲ್ಲಿ ಮೈಕು. ಅರಸೀಕೆರೆಯ ರಕ್ತ ಎಷ್ಟು ಹೊತ್ತು ತಡೆದೀತು?

"ಕಮಲಮ್ಮನವರಿಂದ ಭರ್ಜರಿ ಹೊಡೆತ!" ಹಾಲಪ್ಪ ಶುರುಮಾಡಿಯೇ ಬಿಟ್ಟರು. "ಸಾರಿನ ಹೊಡೆತ! ಡಾಕ್ಟ್ರು ತಬ್ಬಿಬ್ಬಾಗಿದ್ದಾರೆ, ಒಂದು ಹೆಜ್ಜೆ ಹಿಂದೆ ಸರಿದಿದ್ದಾರೆ, ಕನ್ನಡಕ ಒರೆಸಿಕೊಳ್ಳುತ್ತಿದ್ದಾರೆ… ಇಲ್ಲ ಇಲ್ಲ, ಮುಗಿದಿಲ್ಲ! ಬೆರಳೆತ್ತಿದ್ದಾರೆ!"

"ಹಾಲಪ್ಪಾ, ನೀವು ಸುಮ್ನಿರಿ! ನಿಮ್ಮ ಅಂಗಡಿ ತೊಗರಿಬೇಳೇಲಿ ಕಲ್ಲು!"

"ಓಹೋಹೋ! ಕಮಲಮ್ಮನವರು ಈಗ ಅಂಪೈರಿಗೇ ಹೊಡೆದಿದ್ದಾರೆ!"

"ಅಲ್ಲಿ ಬೇಳೇನೇ ಇರಲ್ಲ ಕಣೇ, ಬರೀ ಕಲ್ಲೇ," ಎಂದರು ಡಾಕ್ಟರು.

"ಅಬ್ಬಬ್ಬಾ! ಗಂಡ ಹೆಂಡತಿ ಒಂದೇ ಕಡೆ! ಏನಿದು, ಏನಿದು ತಿರುವು! ಅಂಪೈರು ಒಬ್ಬಂಟಿ!"

ಯಶವಂತ ಸಾಕಾಗಿ ಕಣ್ಣು ತೆರೆದ. ಎದುರಿಗೆ ಮೈಕು ತೆರೆದಿದೆ ಎನ್ನುವ ಕೆಂಪು ದೀಪ ಉರಿಯುತ್ತಿತ್ತು. ಮೊಣಕೈಗಳನ್ನು ನೋಡಿಕೊಂಡ. ಒಂದು ಹಾಡಿನ ಜಾರುಗುಂಡಿಯನ್ನು ತಳಕ್ಕೆ ತಳ್ಳಿ, ಇನ್ನೊಂದು ಮೈಕಿನದನ್ನು ತುತ್ತತುದಿಗೆ ಏರಿಸಿ, ನೆಮ್ಮದಿಯಾಗಿ ಒರಗಿಕೊಂಡಿದ್ದವು. ಇಷ್ಟು ಹೊತ್ತೂ ದಕ್ಷಿಣ ಬ್ರಿಸ್ಬೇನಿನ ಆಕಾಶದಲ್ಲಿ ಹಾರಾಡಿದ್ದು ಹಾಡಲ್ಲ, ತೊಗರಿಬೇಳೆ.

ಸೂಟ್‌ಕೇಸು ಅಂಗಳದಲ್ಲಿ ನಿಂತ ಚಿತ್ರ ಅವನ ಕಣ್ಣಿಗೆ ಕಟ್ಟಿತು. ಗುಂಡಿಗಳನ್ನು ಸರಿಮಾಡಲು ಕೈ ಚಾಚಿದ. ಆಗ ಫೋನಿನ ಒಂದು ದೀಪ ಮಿನುಗಿತು. ಎರಡನೆಯದು. ಮೂರನೆಯದು. ದೀಪಾವಳಿಯ ಹಾಗೆ ಇಡೀ ಸಾಲು ಹೊತ್ತಿಕೊಂಡಿತು.

ಮೊದಲನೆಯದನ್ನು ಎತ್ತಿದ. ಗ್ರೀಕರ ಗಂಟೆ ಮುಗಿದ ಮೇಲೆ ರೇಡಿಯೋ ಆರಿಸಲು ಮರೆತ ಒಬ್ಬ ಅಜ್ಜಿ, ಇಂಗ್ಲಿಷಿನಲ್ಲಿ: "ಆ ಹೆಂಗಸು ಗೆಲ್ತಿದ್ದಾಳೆ ತಾನೆ? ಬಿಡಬಾರದು ಅಂತ ಹೇಳು." ಎರಡನೆಯದು ಹೆದ್ದಾರಿಯಲ್ಲಿದ್ದ ಲಾರಿ ಡ್ರೈವರ್: "ಯಾವ ಆಟ ಅಂತ ಗೊತ್ತಾಗ್ಲಿಲ್ಲ ಮೇಟ್, ಆದ್ರೆ ಹೀಗೆ ಕಾಮೆಂಟರಿ ಹೇಳೋನನ್ನ ನಾನು ಕೇಳೇ ಇಲ್ಲ. ಸ್ಕೋರು ಎಷ್ಟು?" ಮೂರನೆಯದು: "ಸ್ಕೋರು ಎಷ್ಟು?" ನಾಲ್ಕನೆಯದು: "ಈಗ ಯಾರು ಔಟ್?" ಯಾರೊಬ್ಬರಿಗೂ ಕನ್ನಡದ ಗಂಧವಿರಲಿಲ್ಲ.

ಗ್ಲೆನ್ ಅವನನ್ನು ತನ್ನ ಆಫೀಸಿಗೆ ಎಳೆದುಕೊಂಡು ಹೋದ. ಅವನ ಬೋಳುತಲೆ ಸಂತೋಷದಿಂದ ಹೊಳೆಯುತ್ತಿತ್ತು.

"ಎಲ್ಲ ಲೈನೂ ಒಟ್ಟಿಗೆ ಉರಿದಿದ್ದು ಈ ಸ್ಟೇಷನ್ನಿನಲ್ಲಿ ಇದೇ ಮೊದಲು! ಎಲ್ಲರೂ ಸ್ಕೋರೇ ಕೇಳ್ತಿದ್ದಾರೆ. ತೀರ್ಮಾನ ಆಯ್ತು ಮೇಟ್. ನಿಮ್ಮದು ಕ್ರೀಡೆ."

"ಗ್ಲೆನ್, ಅದು ಕ್ರೀಡೆ ಅಲ್ಲ. ಅದು ಗಂಡ ಹೆಂಡತಿ."

"ನಾನೂ ಎರಡು ಸಲ ಮದುವೆಯಾದೋನು. ಅದು ಕ್ರೀಡೆಯೇ. ಇನ್ನು ಮೇಲೆ ಒಂದಲ್ಲ, ಎರಡು ಗಂಟೆ ಹೊತ್ತು, ಪ್ರತಿ ಶನಿವಾರ, ಲೈವ್. ಗಾರ್ಡನಿಂಗ್ ಭಾನುವಾರಕ್ಕೆ ಹೋಗುತ್ತೆ. ಪರ್ತ್ ಮತ್ತು ಅಡಿಲೇಡಿನ ಸ್ಟೇಷನ್ನುಗಳಿಗೆ ನಾನೀಗಷ್ಟೇ ರೆಕಾರ್ಡಿಂಗ್ ಕೇಳಿಸಿದೆ, ಅವರೂ ಇದನ್ನೇ ಇಲ್ಲಿಂದ ತಗೊಳ್ತಾರಂತೆ. ಆದರೆ ಅದೇ ಮೂವರು ಬೇಕು, ಅದೇ ಕಾವು ಇರಬೇಕು. ಕಾವು ಹೋದ್ರೆ ಗಾರ್ಡನಿಂಗ್ ವಾಪಸ್ಸು."

ಯಶವಂತನ ಫೋನಿನಲ್ಲಿ ಆಗಲೇ ಅಭಿನಂದನನ ಮೆಸೇಜು ಕೂತಿತ್ತು: "ಥ್ಯಾಂಕ್ಸ್ ಮಗಾ. ಇನ್ಮೇಲೆ ಹಾಡು ತುಂಬಿಸೋ ಕೆಲಸಾನೂ ಇಲ್ಲ ನಂಗೆ." ಅದರ ಕೆಳಗೆ ಅಡಿಲೇಡಿನ ಸಂದೀಪನದು: "ದೇವ್ರು ಕಣೋ ನೀನು. ಮಲಗ್ತಿದ್ದೀನಿ, ಎಬ್ಬಿಸ್ಬೇಡ."

ಕಾಲೆಳೆದುಕೊಂಡು ಅವನು ಕಾರ್ ಪಾರ್ಕಿಗೆ ಬಂದ. ಮೂವರೂ ಒಂದೇ ಕಾರಿನ ನೆರಳಲ್ಲಿ, ಒಂದೇ ತಾಯ ಮಕ್ಕಳ ಹಾಗೆ ಕೂತು ತಿನ್ನುತ್ತಿದ್ದರು. ಡಾಕ್ಟರು ಹಾಲಪ್ಪನವರ ತಟ್ಟೆಗೆ ತಾವೇ ಬೂಂದಿ ಉದುರಿಸುತ್ತಿದ್ದರು.

"ಬಾರೋ ಕಂದಾ," ಎಂದರು ಕಮಲಾ ಆಂಟಿ. "ಪಾಪ, ಕೂತಲ್ಲೇ ತೂಕಡಿಸ್ತಿದ್ದೆ. ನೋಡಿ ಹೊಟ್ಟೆ ಉರಿದುಹೋಯ್ತು. ಮೂವರೂ ರಾಜಿ ಮಾಡ್ಕೊಂಡ್ವಿ. ಮ್ಯೂಸಿಕ್ಕೇ ಇರಲಿ, ಕಂಪ್ಯೂಟರಿಂದು. ನಾನು ಹಾಡೋದೂ ಬೇಡ."

"ನನ್ನ ಹನ್ನೊಂದು ಭಾಗಾನೂ ಬೇಡ," ಎಂದರು ಡಾಕ್ಟರು.

"ನಾನೂ ಬಾಯಿ ಬಿಡಲ್ಲ," ಎಂದರು ಹಾಲಪ್ಪ. "ಇನ್ಮೇಲೆ ನಮ್ಮ ಮೂವರ ಮಧ್ಯೆ ಒಂದು ಮಾತು ಬರಲ್ಲ ಅಂತ ಪ್ರಮಾಣ ಆಗಿದೆ. ನೀನು ಆರಾಮಾಗಿ ನಿದ್ದೆ ಮಾಡಯ್ಯಾ."

ಬೆಳಿಗ್ಗೆಯಿಂದ ಅವನು ಹಂಬಲಿಸಿದ್ದೆಲ್ಲ ಒಂದು ಪೇಪರ್ ಪ್ಲೇಟಿನ ಮೇಲೆ ಬಿಸಿಬಿಸಿಯಾಗಿ ಎದುರಿಗಿತ್ತು. ಈ ರಾಜಿ ಅರ್ಧ ಗಂಟೆ ಮೊದಲು ಆಗಿದ್ದರೆ ಅವನು ಮೂವರ ಕಾಲಿಗೂ ಬೀಳುತ್ತಿದ್ದ. ಅವರ ಜಗಳ ಗಾಳಿಯಲ್ಲಿ ಹೋದದ್ದನ್ನೂ ಗ್ಲೆನ್ ಅಂದದ್ದನ್ನೂ ಹೇಳಿ, ರೇಡಿಯೋಗಾಗಿ ದಯವಿಟ್ಟು ಜಗಳವಾಡಿ ಎಂದು ಬೇಡಿಕೊಳ್ಳಬಹುದಿತ್ತು. ಆದರೆ ಬೇಡಿಕೊಂಡರೆ ಇವರು ಮೈಕಿನ ಮುಂದೆ ಕೈಮುಗಿದು "ಸಮಸ್ತ ಕೇಳುಗರಿಗೆ ನಮಸ್ಕಾರ" ಎಂದು ಶುರುಮಾಡಿ, "ನೀವು ಮೊದಲು, ಇಲ್ಲ ನೀವು ಮೊದಲು" ಎಂದುಕೊಳ್ಳುತ್ತಲೇ ಎರಡು ಗಂಟೆ ಕಳೆಯುತ್ತಾರೆ. ಬಾಗಿಲಲ್ಲಿ ನಿಂತ ಗಾರ್ಡನಿಂಗ್‌ನ ಮುದುಕ ಅವನನ್ನೇ ನೋಡುತ್ತಿದ್ದ.

ಯಶವಂತ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ ನುಂಗಿದ.

"ಸೂಪರ್ ಆಗಿದೆ ಆಂಟಿ," ಎಂದ. "ಉಪ್ಪು ಜಾಸ್ತಿ ಅಂತ ಅಂಕಲ್ ಯಾಕೆ ಅಂದ್ರೋ ಏನೋ."

ಡಾಕ್ಟರ ಚಮಚ ಗಾಳಿಯಲ್ಲೇ ನಿಂತಿತು. "ನಾನು ಯಾವಾಗಯ್ಯಾ—"

"ಅಂದ್ರಾ?" ಎಂದರು ಕಮಲಾ ಆಂಟಿ ಮೆಲ್ಲಗೆ, ಸೌಟಿಗೆ ಕೈ ಹಾಕುತ್ತ. "ಬೆಳಿಗ್ಗೆ ಎರಡು ಸಲ ಹಾಕಿಸ್ಕೊಂಡು ತಿಂದು, ಊರಿಗೆಲ್ಲ ಉಪ್ಪು ಜಾಸ್ತಿ ಅಂದ್ರಾ? ಮನೆಗೆ ಬನ್ನಿ. ಈ ವಾರ ಪೂರ್ತಿ ಇದೆ ನಿಮಗೆ!"

ಹಾಲಪ್ಪ ಪ್ರಮಾಣ ನೆನೆದು ತುಟಿ ಕಚ್ಚಿ ಹಿಡಿದರು. ಮುಖ ಕೆಂಪಾಯಿತು. ಕಡೆಗೆ ತಟ್ಟೆಯನ್ನು ಬಾನೆಟ್ಟಿನ ಮೇಲಿಟ್ಟು ಗಂಟಲು ಸರಿಮಾಡಿಕೊಂಡರು.

"ಕಮಲಮ್ಮನವರು ಸೌಟು ಎತ್ತಿಕೊಂಡಿದ್ದಾರೆ…"

ಸದ್ಯ, ಗಂಟೆ ಉಳಿಯಿತು, ರೂಮು ಉಳಿಯಿತು ಎಂದು ಯಶವಂತ ಬಾಯಗಲಿಸಿ ಆಕಳಿಸಿದ. ಆ ಅಡುಗೆಮನೆಗೂ ತನ್ನ ತಲೆದಿಂಬಿಗೂ ನಡುವೆ ಇರುವುದು ಬಿಸ್ಕತ್ತಿನಷ್ಟೇ ಗೋಡೆಯೆಂದು ನೆನಪಾದಾಗ, ತೆರೆದ ಬಾಯಿ ಹಾಗೇ ನಿಂತಿತು.